ಮೇರಿಲ್ಯಾಂಡಿನ ‘ಆರ್ಫನ್ಸ್ ಕೋರ್ಟ್’: ತಾಯಿ ಬದುಕಿರುವಾಗಲೇ ಮಗು ಅನಾಥವಾದದ್ದು ಹೇಗೆ?

ಕಾವೇರಿಕಡೆಯವ
ಎಲ್ಲರಿಗೂ ನಮಸ್ಕಾರ. ನಾನು ಅಮೆರಿಕದ ಮೇರಿಲ್ಯಾಂಡ್ ರಾಜ್ಯದಲ್ಲಿ ನೆಲೆಸಿ ಹದಿನೆಂಟು ವರ್ಷಗಳಾದವು. ಇಲ್ಲಿನ ಕನ್ನಡ ಬಳಗದ ಹಿರಿಯರಿಗಾಗಿ ಉಯಿಲು ಬರೆಯುವ ಬಗೆಯನ್ನು ತಿಳಿಸುವ ಸಣ್ಣ ಕೈಪಿಡಿಯೊಂದನ್ನು ಸಿದ್ಧಪಡಿಸುವ ಕೆಲಸ ನನ್ನ ಪಾಲಿಗೆ ಬಂದಿದೆ. ಸತ್ತವರ ಆಸ್ತಿಯ ವಿಲೇವಾರಿಯನ್ನು ನೋಡಿಕೊಳ್ಳುವ ನ್ಯಾಯಾಲಯಕ್ಕೆ ಈ ರಾಜ್ಯದಲ್ಲಿ ‘ಆರ್ಫನ್ಸ್ ಕೋರ್ಟ್’ ಎಂದು ಹೆಸರು. ನಾನು ಅದನ್ನು ‘ಅನಾಥರ ನ್ಯಾಯಾಲಯ’ ಎಂದು ಬರೆದು ಕರಡನ್ನು ಓದಿ ಹೇಳಿದಾಗ ಮುಂದೆ ಕುಳಿತಿದ್ದ ಹಿರಿಯರೊಬ್ಬರು, “ನನಗೆ ಎಪ್ಪತ್ತೆಂಟು, ಮಗನಿಗೆ ಐವತ್ತು. ನಾನು ಕಣ್ಣು ಮುಚ್ಚಿದರೆ ಅವನನ್ನು ಅನಾಥಾಲಯಕ್ಕೆ ಸೇರಿಸುತ್ತಾರೆಯೇ?” ಎಂದು ಕೇಳಿದರು. ಸಭೆ ನಕ್ಕಿತು. ನನಗೆ ಉತ್ತರ ಗೊತ್ತಿರಲಿಲ್ಲ.

ಕುತೂಹಲದಿಂದ ಹದಿನೆಂಟನೆಯ ಶತಮಾನದ ಕೆಲವು ದಾಖಲೆ ಪುಸ್ತಕಗಳನ್ನು ತಿರುವಿ ನೋಡಿದೆ. ಒಂದು ಕಡೆ ಒಬ್ಬ ಹುಡುಗನನ್ನು ‘ಇಂಥವನ ಅನಾಥ ಮಗ’ ಎಂದು ನಮೂದಿಸಿದ್ದಾರೆ. ನಾಲ್ಕು ಸಾಲು ಕೆಳಗೆ ಅದೇ ಹುಡುಗನ ತಾಯಿ ತನ್ನ ಎರಡನೆಯ ಗಂಡನೊಡನೆ ನ್ಯಾಯಾಲಯಕ್ಕೆ ಬಂದು ಮುಚ್ಚಳಿಕೆ ಬರೆದುಕೊಟ್ಟಿದ್ದಾಳೆ. ಹೆತ್ತ ತಾಯಿ ಜೀವಂತವಾಗಿರುವಾಗ ಮಗು ಅನಾಥ ಹೇಗಾಗುತ್ತದೆ? ತನ್ನ ಮಗುವನ್ನು ತಾನೇ ಸಾಕುವುದಕ್ಕೆ ಆಕೆ ಜಾಮೀನು ಏಕೆ ಕೊಡಬೇಕು? ಬಲ್ಲವರು ದಯವಿಟ್ಟು ತಿಳಿಸಿ.

ಹಳೆಕಡತ
ನಿಮ್ಮ ಅನುವಾದದಲ್ಲಿ ತಪ್ಪಿಲ್ಲ, ಪದದ ಅರ್ಥ ಕಾಲಾಂತರದಲ್ಲಿ ಬದಲಾಗಿದೆ. ಆ ಕಾಲದ ಇಂಗ್ಲಿಷ್ ಕಾನೂನಿನಲ್ಲಿ ‘ಆರ್ಫನ್’ ಎಂದರೆ ತಂದೆಯನ್ನು ಕಳೆದುಕೊಂಡ, ಇನ್ನೂ ಪ್ರಾಯಕ್ಕೆ ಬಾರದ ಮಗು ಎಂದಷ್ಟೇ ಅರ್ಥ. ತಾಯಿ ಇದ್ದಾಳೆಯೋ ಇಲ್ಲವೋ ಎಂಬುದು ಅಲ್ಲಿ ಪ್ರಶ್ನೆಯೇ ಅಲ್ಲ. ಹೆಸರು ಲಂಡನ್ ನಗರದಿಂದ ಬಂದದ್ದು. ಅಲ್ಲಿನ ಮೇಯರ್ ಮತ್ತು ನಗರಸಭೆಯ ಹಿರಿಯ ಸದಸ್ಯರಾದ ಆಲ್ಡರ್‌ಮನ್‌ಗಳು, ಸತ್ತ ನಾಗರಿಕರ ಮಕ್ಕಳ ಪಾಲಿನ ಹಣವನ್ನು ಕಾಯುವ ‘ಕೋರ್ಟ್ ಆಫ್ ಆರ್ಫನ್ಸ್’ ನಡೆಸುತ್ತಿದ್ದರು. ಅಟ್ಲಾಂಟಿಕ್ ದಾಟಿದ ವಲಸೆಗಾರರು ಪಾತ್ರೆ ಪಗಡಗಳ ಜೊತೆಗೆ ಈ ಹೆಸರನ್ನೂ ಹೊತ್ತು ತಂದರು. ಮೇರಿಲ್ಯಾಂಡ್ ಸ್ವತಂತ್ರ ರಾಜ್ಯವಾದ ಮೇಲೆ 1777ರಲ್ಲಿ ಕೌಂಟಿಗೆ, ಅಂದರೆ ಜಿಲ್ಲೆಗೆ, ಒಂದರಂತೆ ಈ ನ್ಯಾಯಾಲಯಗಳನ್ನು ಸ್ಥಾಪಿಸಿತು. ಅವು ಇಂದಿಗೂ ಇವೆ. ಪೆನ್ಸಿಲ್ವೇನಿಯಾದಲ್ಲಿಯೂ ಆ ಹೆಸರಿನ ವಿಭಾಗ ಉಳಿದುಕೊಂಡಿದೆ.

ಬಯಲುಸೀಮೆ
ಅಂದರೆ ತಾಯಿಯನ್ನು ಲೆಕ್ಕಕ್ಕೇ ಇಟ್ಟಿರಲಿಲ್ಲ ಎಂದಾಯಿತು. ನಮ್ಮಲ್ಲಿ ತಬ್ಬಲಿ ಎಂದೊಡನೆ ಮನಸ್ಸಿಗೆ ಬರುವುದು ತಾಯಿಯಿಲ್ಲದ ಕರು. ತಂದೆ ಸತ್ತರೆ ಮಗುವಿಗೆ ಕಷ್ಟ ಬರುತ್ತದೆ, ಆದರೆ ತಬ್ಬಲಿತನ ಬರುವುದು ತಾಯಿ ಸತ್ತಾಗ. ಈ ಕಾನೂನು ಮಗುವಿನ ಹೊಟ್ಟೆಯನ್ನು ನೋಡಲಿಲ್ಲ, ತಂದೆಯ ಜಮೀನನ್ನು ನೋಡಿತು. ಇದನ್ನು ಗಂಡಾಳಿಕೆ ಎನ್ನದೆ ಬೇರೆ ಏನೆಂದು ಕರೆಯೋಣ?

ಕರಿಕೋಟು
ಬಯಲುಸೀಮೆಯವರ ಸಿಟ್ಟು ನ್ಯಾಯವಾದದ್ದೇ, ಆದರೆ ಅರ್ಧ ಮಾತ್ರ ನ್ಯಾಯವಾದದ್ದು. ಧಾರವಾಡದಲ್ಲಿ ಸಿವಿಲ್ ವಕೀಲಿಕೆ ಮಾಡಿದವನಾಗಿ ಕಾನೂನಿನ ತರ್ಕವನ್ನು ವಿವರಿಸುತ್ತೇನೆ.

ಅಂದಿನ ಇಂಗ್ಲಿಷ್ ಕಾನೂನಿನ ಪ್ರಕಾರ ಮದುವೆಯಾದ ಹೆಣ್ಣಿಗೆ ಪ್ರತ್ಯೇಕ ಕಾನೂನು ಅಸ್ತಿತ್ವವಿರಲಿಲ್ಲ. ಆಕೆಯ ಹಣ, ದನಕರು, ಪೀಠೋಪಕರಣಗಳೆಲ್ಲ ಗಂಡನ ಸೊತ್ತಾಗುತ್ತಿದ್ದವು. ವಿಧವೆಗೆ ಗಂಡನ ಭೂಮಿಯ ಮೂರನೆಯ ಒಂದು ಭಾಗದ ಮೇಲೆ ಜೀವಮಾನದ ಹಕ್ಕು ಸಿಗುತ್ತಿತ್ತು, ಅದಕ್ಕೆ ‘ಡವರ್’ ಎನ್ನುತ್ತಿದ್ದರು. ಅವಳು ಮರುಮದುವೆಯಾದರೆ ಆ ಭೂಮಿಯ ಉತ್ಪನ್ನ ಹೊಸ ಗಂಡನ ಕೈ ಸೇರುತ್ತಿತ್ತು. ಮಕ್ಕಳ ಪಾಲೂ ತಾಯಿಯ ವಶದಲ್ಲಿದ್ದರೆ ಅದು ಮಲತಂದೆಯ ಪೆಟ್ಟಿಗೆಗೆ ಜಾರುವುದಕ್ಕೆ ಎಷ್ಟು ಹೊತ್ತು? ನೀವು ನೋಡಿದ ಮುಚ್ಚಳಿಕೆ ಆ ಜಾರುವಿಕೆಯನ್ನು ತಡೆಯುವುದಕ್ಕಾಗಿ ಬರೆಸಿಕೊಂಡದ್ದು, ತಾಯಿಯ ಮಮತೆಯನ್ನು ಅಳೆಯುವುದಕ್ಕಲ್ಲ. ನಾಳೆ ಲೆಕ್ಕ ತಪ್ಪಿದರೆ ನ್ಯಾಯಾಲಯ ಜಾಮೀನುದಾರರನ್ನು ಹಿಡಿಯುತ್ತಿತ್ತು.

ಇನ್ನೊಂದು ಸ್ವಾರಸ್ಯದ ನಿಯಮವಿದೆ. ಭೂಮಿಗೆ ವಾರಸುದಾರನಾದ ಹದಿನಾಲ್ಕಕ್ಕಿಂತ ಚಿಕ್ಕ ಮಗುವಿಗೆ ಹತ್ತಿರದ ಬಂಧುವೇ ಪಾಲಕನಾಗಬೇಕು, ಆದರೆ ಮಗು ಸತ್ತರೆ ಆ ಭೂಮಿ ಯಾರಿಗೆ ದಕ್ಕಬಹುದೋ ಅಂಥವನು ಆಗಬಾರದು. ಹಾಗೆ ಮಾಡುವುದು ಕುರಿಮರಿಯನ್ನು ತೋಳನಿಗೆ ಒಪ್ಪಿಸಿದಂತೆ ಎಂಬುದು ಇಂಗ್ಲಿಷ್ ನ್ಯಾಯಶಾಸ್ತ್ರಜ್ಞರ ಹಳೆಯ ಮಾತು. ಆದ್ದರಿಂದ ಆಸ್ತಿ ತಂದೆಯ ಕಡೆಯಿಂದ ಬಂದಿದ್ದರೆ ಪಾಲಕತ್ವಕ್ಕೆ ಯೋಗ್ಯನಾದವನು ಸೋದರಮಾವ, ಚಿಕ್ಕಪ್ಪನಲ್ಲ. ಬ್ಲ್ಯಾಕ್‌ಸ್ಟೋನ್ ಎಂಬ ಇಂಗ್ಲಿಷ್ ನ್ಯಾಯಶಾಸ್ತ್ರಜ್ಞ ತನ್ನ ವ್ಯಾಖ್ಯಾನದಲ್ಲಿ ಇದೇ ಉದಾಹರಣೆಯನ್ನು ಕೊಡುತ್ತಾನೆ.

ಹುಣಸೆಮರ
ದಾಯಾದಿ ಕಲಹವನ್ನು ಇಂಗ್ಲಿಷರೂ ಅರಿತಿದ್ದರು ಎಂದು ತಿಳಿದು ಸಮಾಧಾನವಾಯಿತು.

ಮನೆಲೆಕ್ಕ
ಕರಿಕೋಟು ಅವರ ವಿವರಣೆಗೆ ಒಂದು ಕೊರತೆಯನ್ನು ತುಂಬುತ್ತೇನೆ. ಇದು ಎಲ್ಲೋ ಅಪರೂಪಕ್ಕೆ ಎದುರಾಗುವ ಸಮಸ್ಯೆಯಾಗಿದ್ದರೆ ಇಷ್ಟು ದೊಡ್ಡ ವ್ಯವಸ್ಥೆ ಹುಟ್ಟುತ್ತಿರಲಿಲ್ಲ. ಹದಿನೇಳನೆಯ ಶತಮಾನದಲ್ಲಿ ಚೆಸಪೀಕ್ ಕೊಲ್ಲಿಯ ಸುತ್ತಲಿನ ವರ್ಜೀನಿಯಾ ಮತ್ತು ಮೇರಿಲ್ಯಾಂಡ್‌ಗಳಲ್ಲಿ ಜನ ಮಲೇರಿಯಾ, ಆಮಶಂಕೆಗಳಿಂದ ಹುಳುಗಳಂತೆ ಸಾಯುತ್ತಿದ್ದರು. ವರ್ಜೀನಿಯಾದ ಮಿಡ್ಲ್‌ಸೆಕ್ಸ್ ಕೌಂಟಿಯ ದಾಖಲೆಗಳನ್ನು ಮನೆಮನೆಯಾಗಿ ಜೋಡಿಸಿ ನೋಡಿದ ಇತಿಹಾಸಕಾರರ ಲೆಕ್ಕದಂತೆ, ಅರ್ಧಕ್ಕಿಂತ ಹೆಚ್ಚು ಮಕ್ಕಳು ಹದಿಮೂರು ತುಂಬುವುದರೊಳಗೆ ತಂದೆ ತಾಯಿಯರಲ್ಲಿ ಒಬ್ಬರನ್ನಾದರೂ ಕಳೆದುಕೊಂಡಿದ್ದರು; ಇಪ್ಪತ್ತೊಂದಾಗುವ ಹೊತ್ತಿಗೆ ಈ ಪ್ರಮಾಣ ಮುಕ್ಕಾಲು ಪಾಲಿನ ಹತ್ತಿರಕ್ಕೆ ಬರುತ್ತಿತ್ತು. ಉಳಿದವರು ಬೇಗನೆ ಮರುಮದುವೆಯಾಗುತ್ತಿದ್ದರು, ಅವರೂ ಸಾಯುತ್ತಿದ್ದರು. ಒಂದೇ ಸೂರಿನಡಿ ಒಬ್ಬರಿಗೊಬ್ಬರು ರಕ್ತಸಂಬಂಧವೇ ಇಲ್ಲದ ಮಕ್ಕಳು ಬೆಳೆಯುವುದು ಅಲ್ಲಿ ಸಾಮಾನ್ಯವಾಗಿತ್ತು.

ಹಾಗಾಗಿಯೇ ವರ್ಜೀನಿಯಾದ ಶಾಸನಸಭೆ 1643ರಷ್ಟು ಹಿಂದೆಯೇ ಪಾಲಕರು ಪ್ರತಿವರ್ಷ ಕೌಂಟಿ ನ್ಯಾಯಾಲಯಕ್ಕೆ ಲೆಕ್ಕ ಒಪ್ಪಿಸಬೇಕೆಂದು ವಿಧಿಸಿತು. 1656ರ ಕಾನೂನು ಇನ್ನೂ ಖಚಿತವಾಗಿತ್ತು. ಮಗುವಿನ ಅನ್ನ, ಬಟ್ಟೆ, ವಿದ್ಯೆಗಳನ್ನು ಆಸ್ತಿಯ ಹುಟ್ಟುವಳಿಯಲ್ಲಿ ನಡೆಸಬೇಕು, ಅಸಲನ್ನು ಮುಟ್ಟಬಾರದು. ಲೆಕ್ಕಪತ್ರ ನೋಡುವುದನ್ನೇ ಉದ್ಯೋಗ ಮಾಡಿಕೊಂಡ ನನಗೆ ಇಷ್ಟು ಸರಳವೂ ಬಿಗಿಯೂ ಆದ ನಿಯಮವನ್ನು ಕಂಡರೆ ಗೌರವ ಹುಟ್ಟುತ್ತದೆ.

ಬಯಲುಸೀಮೆ
ಗೌರವ ಸಲ್ಲಿಸುವ ಮೊದಲು ಒಂದು ಪ್ರಶ್ನೆಗೆ ಉತ್ತರಿಸಿ, ಮೇಡಂ. ಹುಟ್ಟುವಳಿಯೇ ಇಲ್ಲದ ಮಗುವಿನ ಗತಿ ಏನು?

ಮನೆಲೆಕ್ಕ
ಅದನ್ನೂ ಅದೇ 1656ರ ಕಾನೂನು ಹೇಳುತ್ತದೆ. ಆಸ್ತಿ ಸಾಲದಿದ್ದರೆ ಮಗುವನ್ನು ಇಪ್ಪತ್ತೊಂದರವರೆಗೆ ಯಾವುದಾದರೂ ಕಸುಬಿನವನ ಬಳಿ ಕರಾರಿನ ಮೇಲೆ ಬಿಡಬೇಕು. ಮುಂದಿನ ಕಾನೂನುಗಳಲ್ಲಿ ಹುಡುಗರಿಗೆ ಇಪ್ಪತ್ತೊಂದು, ಹುಡುಗಿಯರಿಗೆ ಹದಿನೆಂಟು ಎಂಬ ಗಡುವು ರೂಢಿಗೆ ಬಂತು. ಯಜಮಾನ ಊಟ, ಬಟ್ಟೆ, ವಸತಿ ಕೊಡಬೇಕು, ಕಸುಬು ಕಲಿಸಬೇಕು. 1705ರ ಹೊತ್ತಿಗೆ ಓದು ಬರಹವನ್ನೂ ಕಲಿಸಬೇಕೆಂದು ವರ್ಜೀನಿಯಾ ಸೇರಿಸಿತು. ಪ್ರತಿಯಾಗಿ ಆ ಮಗುವಿನ ದುಡಿಮೆ ಅಷ್ಟೂ ವರ್ಷ ಯಜಮಾನನದು.

ಬಯಲುಸೀಮೆ
ಇದನ್ನೇ ನಾನು ನಿರೀಕ್ಷಿಸಿದ್ದೆ. ಆಸ್ತಿ ಇದ್ದ ಮಗುವಿಗೆ ಪಾಲಕ ಸಿಕ್ಕ, ಆಸ್ತಿ ಇಲ್ಲದ ಮಗುವಿಗೆ ಯಜಮಾನ ಸಿಕ್ಕ. ಇಬ್ಬರನ್ನೂ ಒಂದೇ ಪದದಿಂದ ಕರೆದು, ಒಂದೇ ದಿನ, ಒಂದೇ ನ್ಯಾಯಾಧೀಶರ ಮುಂದೆ ನಿಲ್ಲಿಸಿ ಎರಡು ಬಾಗಿಲುಗಳಿಂದ ಕಳುಹಿಸಿದರು.

ತುಂಗಾತೀರ
ಆಸ್ತಿ ಇದ್ದ ಮಕ್ಕಳ ಕಥೆಗೆ ಅತ್ಯಂತ ಚೆನ್ನಾಗಿ ದಾಖಲಾದ ಉದಾಹರಣೆ ಜಾರ್ಜ್ ವಾಷಿಂಗ್ಟನ್ನನ ಮನೆಯದೇ. ಅವನ ತಾಯಿ ಮೇರಿ ಬಾಲ್ ಮೂರು ವರ್ಷದ ಆಸುಪಾಸಿನಲ್ಲಿ ತಂದೆಯನ್ನು ಕಳೆದುಕೊಂಡವಳು. ತಾಯಿಯೂ ಹೋದ ಮೇಲೆ ಜಾರ್ಜ್ ಎಸ್ಕ್ರಿಜ್ ಎಂಬ ವಕೀಲ ಅವಳ ಪಾಲಕನಾದ. ವಾಷಿಂಗ್ಟನ್ 1743ರಲ್ಲಿ ಹನ್ನೊಂದು ವರ್ಷದವನಾಗಿದ್ದಾಗ ತಂದೆಯನ್ನು ಕಳೆದುಕೊಂಡ. ಮುಂದೆ 1759ರ ಜನವರಿಯಲ್ಲಿ ಅವನು ಮಾರ್ಥಾ ಕಸ್ಟಿಸ್ ಎಂಬ ವಿಧವೆಯನ್ನು ಮದುವೆಯಾದಾಗ ಅವಳ ಇಬ್ಬರು ಮಕ್ಕಳಾದ ಜ್ಯಾಕಿ ಮತ್ತು ಪ್ಯಾಟ್ಸಿಯರ ಪಾಲಕತ್ವವೂ ಅವನ ಹೆಗಲಿಗೆ ಬಂತು. ಅವಳ ಮೊದಲ ಗಂಡ ಡೇನಿಯಲ್ ಪಾರ್ಕ್ ಕಸ್ಟಿಸ್ 1757ರಲ್ಲಿ ಉಯಿಲು ಬರೆಯದೆ ಸತ್ತಿದ್ದ. ವಾಷಿಂಗ್ಟನ್ ಮಕ್ಕಳ ಬೂಟು, ಔಷಧಿ, ಆಟಿಕೆಗಳ ಖರ್ಚನ್ನೂ ಬರೆದಿಟ್ಟು ಆಗ ವರ್ಜೀನಿಯಾದ ರಾಜಧಾನಿಯಾಗಿದ್ದ ವಿಲಿಯಮ್ಸ್‌ಬರ್ಗ್‌ನ ಜನರಲ್ ಕೋರ್ಟಿಗೆ ವರ್ಷ ವರ್ಷವೂ ಲೆಕ್ಕ ಒಪ್ಪಿಸುತ್ತಿದ್ದ. ಡೇನಿಯಲ್ಲನ ಆಸ್ತಿಯನ್ನು ತಾಯಿಗೂ ಇಬ್ಬರು ಮಕ್ಕಳಿಗೂ ಮೂರು ಸಮಪಾಲು ಮಾಡಿದ್ದರು.

ಕರಿಕೋಟು
ಕೊನೆಯ ವಾಕ್ಯಕ್ಕೆ ಸಣ್ಣ ತಿದ್ದುಪಡಿ. ಮೂರು ಸಮಪಾಲಾದದ್ದು ಚರಾಸ್ತಿ ಮಾತ್ರ. ಆಗ ವರ್ಜೀನಿಯಾದಲ್ಲಿ ಜ್ಯೇಷ್ಠ ಪುತ್ರನ ಹಕ್ಕು ಜಾರಿಯಲ್ಲಿತ್ತು. ಉಯಿಲಿಲ್ಲದೆ ಸತ್ತವನ ಭೂಮಿ, ವಿಧವೆಯ ಮೂರನೆಯ ಒಂದು ಪಾಲಿನ ಜೀವಮಾನದ ಹಕ್ಕಿಗೆ ಒಳಪಟ್ಟು, ಹಿರಿಯ ಮಗನಿಗೆ ಹೋಗುತ್ತಿತ್ತು. ಪುಟ್ಟ ಪ್ಯಾಟ್ಸಿಗೆ ಸಿಕ್ಕಿದ್ದು ಮುಖ್ಯವಾಗಿ ಹಣ. ಜ್ಯಾಕಿಗೆ ಮದುವೆಯ ಮಾತುಕತೆ ನಡೆದಾಗ, 1773ರಲ್ಲಿ, ವಾಷಿಂಗ್ಟನ್ ಬೀಗರಾಗಲಿದ್ದವರಿಗೆ ಬರೆದ ಪತ್ರದಲ್ಲಿ ಹುಡುಗನ ಆಸ್ತಿಯನ್ನು ಸುಮಾರು 15,000 ಎಕರೆ ಭೂಮಿ ಮತ್ತು ಇನ್ನೂರರಿಂದ ಮುನ್ನೂರು ಗುಲಾಮರು ಎಂದು ಲೆಕ್ಕ ಕೊಟ್ಟಿದ್ದಾನೆ. ಅದೇ ವರ್ಷ ಜೂನ್‌ನಲ್ಲಿ ಪ್ಯಾಟ್ಸಿ ಮೂರ್ಛೆರೋಗದಿಂದ ತೀರಿಕೊಂಡಳು. ಅವಳ ಹಣದಲ್ಲಿ ತಾಯಿಗೆ ಬಂದ ಪಾಲು ಕಾನೂನಿನಂತೆ ಗಂಡನದಾಯಿತು, ವಾಷಿಂಗ್ಟನ್ ಅದರಿಂದ ಲಂಡನ್ನಿನ ವರ್ತಕರ ಸಾಲ ತೀರಿಸಿದ. ಅವನು ಆ ಹುಡುಗಿಯನ್ನು ಪ್ರೀತಿಯಿಂದ ಸಾಕಿದ್ದ ಎಂಬುದರಲ್ಲಿ ಸಂಶಯವಿಲ್ಲ. ಆದರೂ ತೋಳ ಮತ್ತು ಕುರಿಮರಿಯ ಮಾತನ್ನು ಹೇಳಿದವರು ಏಕೆ ಹೇಳಿದರು ಎಂಬುದು ಇಲ್ಲಿ ಅರ್ಥವಾಗುತ್ತದೆ.

ತುಂಗಾತೀರ
ತಿದ್ದುಪಡಿಗೆ ಧನ್ಯವಾದಗಳು, ಸರ್. ಪಾಲಕರಲ್ಲಿ ಒಳ್ಳೆಯವರೂ ಇದ್ದರು ಎಂಬುದಕ್ಕೆ ಮುಂದೆ ಅಮೆರಿಕದ ಅಧ್ಯಕ್ಷನಾದ ಥಾಮಸ್ ಜೆಫರ್ಸನ್ನನನ್ನು ನೆನೆಯಬಹುದು. ಅವನ ತಂದೆ 1757ರಲ್ಲಿ ಸತ್ತಾಗ ಅವನಿಗೆ ಹದಿನಾಲ್ಕು. 1760ರ ಜನವರಿಯಲ್ಲಿ ಪಾಲಕರಲ್ಲೊಬ್ಬನಾದ ಜಾನ್ ಹಾರ್ವಿಗೆ ಪತ್ರ ಬರೆದು ಕಾಲೇಜಿಗೆ ಹೋಗಲು ಒಪ್ಪಿಗೆ ಕೇಳುತ್ತಾನೆ. ಅವನು ಕೊಟ್ಟ ಕಾರಣವನ್ನು ಕೇಳಿ: ತಾನು ಮನೆಯಲ್ಲಿದ್ದರೆ ಬರುವ ನೆಂಟರಿಷ್ಟರಿಂದ ಕಾಲು ಭಾಗ ಸಮಯ ಹಾಳಾಗುತ್ತದೆ, ತಾನು ದೂರವಿದ್ದರೆ ಅತಿಥಿಗಳು ಕಡಿಮೆಯಾಗಿ ಎಸ್ಟೇಟಿನ ಮನೆಖರ್ಚು ಉಳಿಯುತ್ತದೆ! ಹದಿನಾರರ ಹುಡುಗನಿಗೆ ಪಾಲಕನ ಮನಸ್ಸು ಎಲ್ಲಿ ಕರಗುತ್ತದೆ ಎಂಬುದು ಚೆನ್ನಾಗಿ ಗೊತ್ತಿತ್ತು. ಒಪ್ಪಿಗೆ ಸಿಕ್ಕಿತು.

ಮನೆಲೆಕ್ಕ
ಅಸಲನ್ನು ಮುಟ್ಟದೆ ಕಾಲೇಜು ಸೇರಿದ ಹುಡುಗ. ಮುಂದೆ ಅವನೇ ಸಾಲದಲ್ಲಿ ಮುಳುಗಿ ಸತ್ತದ್ದು ವಿಪರ್ಯಾಸ.

ಬಯಲುಸೀಮೆ
ಎಲ್ಲರೂ ‘ಇಷ್ಟು ಎಕರೆ, ಇಷ್ಟು ಗುಲಾಮರು’ ಎಂದು ಒಂದೇ ಉಸಿರಿನಲ್ಲಿ ಬರೆದು ಮುಂದೆ ಹೋಗುತ್ತಿದ್ದೀರಿ. ಜ್ಯಾಕಿಯ ಆಸ್ತಿಪಟ್ಟಿಯಲ್ಲಿದ್ದ ಆ ಮುನ್ನೂರರಲ್ಲಿ ಮಕ್ಕಳೂ ಇದ್ದರಲ್ಲವೇ? ಅವರ ತಂದೆ ಸತ್ತಾಗ ಅವರನ್ನು ಯಾರು ಅನಾಥರೆಂದು ಬರೆದುಕೊಂಡರು?

ಹಳೆಕಡತ
ಯಾರೂ ಬರೆದುಕೊಳ್ಳಲಿಲ್ಲ. ಈ ಚರ್ಚೆಯಲ್ಲಿ ಇದುವರೆಗೆ ಬಂದ ಪ್ರಶ್ನೆಗಳಲ್ಲಿ ಇದೇ ಮುಖ್ಯವಾದದ್ದು. 1705ರ ಕಾನೂನು ವರ್ಜೀನಿಯಾದ ಗುಲಾಮರನ್ನು ಭೂಮಿಯಂತೆಯೇ ಸ್ಥಿರಾಸ್ತಿ ಎಂದು ಘೋಷಿಸಿತು. ವಾರಸುದಾರನಾಗಲಾರದ ಮಗು ಆ ಕಾನೂನಿನ ಕಣ್ಣಿಗೆ ಅನಾಥನೂ ಆಗಲಾರದು. ಅದು ಇನ್ನೊಬ್ಬ ಅನಾಥನ ಆಸ್ತಿಪಟ್ಟಿಯಲ್ಲಿ ಬೆಲೆ ಕಟ್ಟಿದ ಒಂದು ಸಾಲಾಗುತ್ತಿತ್ತು. ಅನಾಥ ಮಕ್ಕಳು ಪ್ರಾಯಕ್ಕೆ ಬಂದು ಪಾಲು ಹಂಚಿಕೊಂಡ ದಿನ ಗುಲಾಮರ ಕುಟುಂಬಗಳು ಒಡೆಯುತ್ತಿದ್ದವು. ಒಂದು ಮನೆಯ ಮಕ್ಕಳ ರಕ್ಷಣೆ ಇನ್ನೊಂದು ಮನೆಯ ಮಕ್ಕಳನ್ನು ತಬ್ಬಲಿ ಮಾಡುತ್ತಿತ್ತು.

ಕಸ್ಟಿಸ್ ಆಸ್ತಿಯ ವಿಷಯದಲ್ಲಿ ಇದರ ನೆರಳು ನಲವತ್ತು ವರ್ಷಗಳಾಚೆಗೂ ಚಾಚಿತು. 1799ರಲ್ಲಿ ವಾಷಿಂಗ್ಟನ್ನನ ಎಸ್ಟೇಟಾದ ಮೌಂಟ್ ವರ್ನನ್‌ನಲ್ಲಿದ್ದ 317 ಗುಲಾಮರಲ್ಲಿ 153 ಮಂದಿ ಮಾರ್ಥಾಳ ಡವರ್ ಪಾಲಿಗೆ ಸೇರಿದವರು. ವಾಷಿಂಗ್ಟನ್ ತನ್ನ ಸ್ವಂತದವರನ್ನು ಬಿಡುಗಡೆ ಮಾಡಲು ಉಯಿಲು ಬರೆದ. ಡವರ್ ಪಾಲಿನವರು ಮೊದಲ ಗಂಡನ ವಾರಸುದಾರರಿಗೆ ಮರಳಬೇಕಾದ ಸೊತ್ತಾದ್ದರಿಂದ ಅವರನ್ನು ಬಿಡಿಸುವ ಅಧಿಕಾರ ಅವನಿಗೂ ಇರಲಿಲ್ಲ, ಮಾರ್ಥಾಳಿಗೂ ಇರಲಿಲ್ಲ. 1802ರಲ್ಲಿ ಅವಳು ತೀರಿಕೊಂಡಾಗ ಅವರನ್ನು ನಾಲ್ವರು ಮೊಮ್ಮಕ್ಕಳಿಗೆ ಹಂಚಿದರು. ಎರಡೂ ಗುಂಪಿನವರು ಪರಸ್ಪರ ಮದುವೆಯಾಗಿದ್ದರು. ಗಂಡ ಸ್ವತಂತ್ರನಾದರೂ ಹೆಂಡತಿ ಮಕ್ಕಳು ಬಿಡುಗಡೆಯಾಗದೆ ಉಳಿದ ಮನೆಗಳು ಹಲವು.

ಕಾವೇರಿಕಡೆಯವರ ಮೇರಿಲ್ಯಾಂಡಿನ ಕಥೆ ಇನ್ನೂ ಕಹಿಯಾಗಿದೆ. ಅಲ್ಲಿ 1864ರ ನವೆಂಬರ್ 1ರಂದು ಗುಲಾಮಗಿರಿ ಕೊನೆಗೊಂಡಿತು. ಅದರ ಬೆನ್ನಿಗೇ ಹಳೆಯ ಒಡೆಯರು ಕರಿಯ ಮಕ್ಕಳನ್ನು ಆರ್ಫನ್ಸ್ ಕೋರ್ಟುಗಳ ಮುಂದೆ ನಿಲ್ಲಿಸಿ, ಅವರ ತಂದೆ ತಾಯಿಯರ ವಿರೋಧವನ್ನು ಲೆಕ್ಕಿಸದೆ, ಅಪ್ರೆಂಟಿಸ್ ಕರಾರಿನ ಮೇಲೆ ಮರಳಿ ವಶಕ್ಕೆ ತೆಗೆದುಕೊಂಡರು. ಎಲಿಜಬೆತ್ ಟರ್ನರ್ ಎಂಬ ಹುಡುಗಿಯ ಪ್ರಕರಣದಲ್ಲಿ 1867ರಲ್ಲಿ ಅಮೆರಿಕದ ಮುಖ್ಯ ನ್ಯಾಯಮೂರ್ತಿ ಸ್ಯಾಮನ್ ಚೇಸ್ ಆ ಕರಾರನ್ನು ರದ್ದುಪಡಿಸಿದರು. ಬಿಳಿಯ ಮಕ್ಕಳ ಕರಾರಿನಲ್ಲಿದ್ದ ವಿದ್ಯಾಭ್ಯಾಸದ ಷರತ್ತು ಅವಳ ಕರಾರಿನಲ್ಲಿ ಇರಲೇ ಇಲ್ಲ.

ಹುಣಸೆಮರ
ಇದನ್ನು ಓದಿದ ಮೇಲೆ ದಾಯಾದಿಗಳ ಬಗ್ಗೆ ಹಾಸ್ಯ ಮಾಡಿದ್ದಕ್ಕೆ ನಾಚಿಕೆಯಾಯಿತು.

ಕಡಲಾಚೆ
ನಾನು ನೆದರ್‌ಲ್ಯಾಂಡ್ಸ್‌ನಲ್ಲಿ ಇರುವುದರಿಂದ ಡಚ್ಚರ ಪರವಾಗಿ ಒಂದು ಮಾತು. ನ್ಯೂಯಾರ್ಕ್ ಇನ್ನೂ ನ್ಯೂ ಆಮ್ಸ್ಟರ್‌ಡ್ಯಾಮ್ ಆಗಿದ್ದಾಗ, 1650ರ ದಶಕದಲ್ಲಿ, ಅಲ್ಲಿ ‘ವೇಯ್ಸ್‌ಮೇಸ್ಟರ್’ ಎಂಬ ಅನಾಥಪಾಲಕ ಅಧಿಕಾರಿಗಳಿದ್ದರು. ಡಚ್ ಪದ್ಧತಿಯಲ್ಲಿ ಗಂಡ ಹೆಂಡಿರ ಆಸ್ತಿ ಜಂಟಿಯಾದದ್ದು; ಒಬ್ಬರು ಸತ್ತರೆ ಅರ್ಧ ಉಳಿದವರದು, ಉಳಿದರ್ಧ ಮಕ್ಕಳದು, ಅದರಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು. ಬದುಕುಳಿದವರು, ಗಂಡಾಗಲಿ ಹೆಣ್ಣಾಗಲಿ, ಮರುಮದುವೆಗೆ ಮೊದಲು ಮಕ್ಕಳ ಪಾಲನ್ನು ಅಧಿಕಾರಿಗಳ ಮುಂದೆ ಗೊತ್ತುಪಡಿಸಬೇಕಿತ್ತು. ಅಂದರೆ ತಂದೆಯೂ ಲೆಕ್ಕ ಕೊಡಬೇಕಿತ್ತು. 1664ರಲ್ಲಿ ಇಂಗ್ಲಿಷರು ಊರನ್ನು ವಶಪಡಿಸಿಕೊಂಡ ಮೇಲೆ ಈ ಪದ್ಧತಿ ಕ್ರಮೇಣ ಮರೆಯಾಯಿತು. ಆದ್ದರಿಂದ ‘ಅಂದಿನ ಕಾಲವೇ ಹಾಗಿತ್ತು’ ಎಂಬ ಸಮಜಾಯಿಷಿಯನ್ನು ನಾನು ಒಪ್ಪುವುದಿಲ್ಲ. ಅದೇ ಕಾಲದಲ್ಲಿ, ಅದೇ ಕರಾವಳಿಯಲ್ಲಿ ಬೇರೆ ದಾರಿಯೂ ಇತ್ತು.

ಕರಿಕೋಟು
ಉತ್ತಮ ಅಂಶ, ಒಪ್ಪಿದೆ. ಇಂಗ್ಲಿಷ್ ವಸಾಹತುಗಳೂ ಎಲ್ಲ ಕಡೆ ಒಂದೇ ಆಗಿರಲಿಲ್ಲ ಎಂಬುದನ್ನು ಸೇರಿಸುತ್ತೇನೆ. ಮ್ಯಾಸಚೂಸೆಟ್ಸ್‌ನ ಪ್ಯೂರಿಟನ್ನರು (ಕಟ್ಟುನಿಟ್ಟಿನ ಪ್ರೊಟೆಸ್ಟಂಟ್ ಪಂಥದವರು) 1641ರಲ್ಲಿಯೇ ಹಿರಿಯ ಮಗನಿಗೆ ಎರಡು ಪಾಲು, ಉಳಿದ ಮಕ್ಕಳಿಗೆ ಒಂದೊಂದು ಪಾಲು ಎಂದು ಬೈಬಲ್ಲಿನ ಆಧಾರದ ಮೇಲೆ ನಿಗದಿಪಡಿಸಿದ್ದರು. ಅಮೆರಿಕದ ಕ್ರಾಂತಿಯ ನಂತರ ಹಿರಿಯ ಮಗನ ಹಕ್ಕಿಗೆ ಎಲ್ಲೆಡೆ ಪೆಟ್ಟು ಬಿತ್ತು. ವರ್ಜೀನಿಯಾದಲ್ಲಿ ಜೆಫರ್ಸನ್ನನ ಕರಡಿನ ಆಧಾರದ ಮೇಲೆ 1785ರಲ್ಲಿ ಮಾಡಿದ ಕಾನೂನು ಮಕ್ಕಳೆಲ್ಲರಿಗೂ ಸಮಪಾಲು ಕೊಟ್ಟಿತು. ಮದುವೆಯಿಲ್ಲದೆ ಹುಟ್ಟಿದ ಮಗುವಿಗೂ ತಾಯಿಯ ಆಸ್ತಿಯಲ್ಲಿ ಹಕ್ಕಿದೆ ಎಂದಿತು. ಒಹಾಯೊ ನದಿಯ ಉತ್ತರದ ಹೊಸ ನೆಲಕ್ಕಾಗಿ ಮಾಡಿದ 1787ರ ವಾಯವ್ಯ ಪ್ರದೇಶದ ಶಾಸನವೂ ಸಮಪಾಲನ್ನೇ ವಿಧಿಸಿತು.

ತುಂಗಾತೀರ
ಮದುವೆಯಿಲ್ಲದೆ ಹುಟ್ಟಿದ ಮಗುವಿಗೆ ಆ ಹಕ್ಕು ಮೊದಲೇ ಇದ್ದಿದ್ದರೆ, ಮುಂದೆ ಅಮೆರಿಕದ ಮೊದಲ ಹಣಕಾಸು ಕಾರ್ಯದರ್ಶಿಯಾದ ಅಲೆಕ್ಸಾಂಡರ್ ಹ್ಯಾಮಿಲ್ಟನ್ ಬೀದಿಪಾಲಾಗುತ್ತಿರಲಿಲ್ಲ. 1768ರಲ್ಲಿ ಅವನ ತಾಯಿ ಸತ್ತಾಗ ನ್ಯಾಯಾಲಯ ಅವಳ ಅಲ್ಪಸ್ವಲ್ಪ ಆಸ್ತಿಯನ್ನೆಲ್ಲ ಮೊದಲ ಮದುವೆಯ ಮಗನಿಗೆ ಕೊಟ್ಟು, ಇವನನ್ನೂ ಇವನ ಅಣ್ಣನನ್ನೂ ಬರಿಗೈಯಲ್ಲಿ ಕಳುಹಿಸಿತು.

ಹಳೆಕಡತ
ಅದು ನಡೆದದ್ದು ಸೇಂಟ್ ಕ್ರೋಯ್ ದ್ವೀಪದಲ್ಲಿ, ಡಚ್ಚರೂ ಅಲ್ಲ ಇಂಗ್ಲಿಷರೂ ಅಲ್ಲ, ಡೆನ್ಮಾರ್ಕಿನವರ ಆಳ್ವಿಕೆಯಲ್ಲಿ. ವರ್ಜೀನಿಯಾದ ಕಾನೂನು ಅಲ್ಲಿಗೆ ಅನ್ವಯವಾಗುತ್ತಿರಲಿಲ್ಲ. ಆದರೆ ಈ ಚರ್ಚೆಗೆ ಹ್ಯಾಮಿಲ್ಟನ್ ಬೇಕಾದದ್ದು ಇನ್ನೊಂದು ಕಾರಣಕ್ಕೆ: ಅವನ ತಂದೆ ಮನೆ ಬಿಟ್ಟು ಹೋಗಿದ್ದನೇ ಹೊರತು ಸತ್ತಿರಲಿಲ್ಲ. ಎಲ್ಲರೂ ಅನಾಥನೆಂದು ಕರೆಯುವ ಅವನು ಇಂಗ್ಲಿಷ್ ಕಾನೂನಿನ ಹಳೆಯ ಅರ್ಥದಲ್ಲಿ ಅನಾಥನೇ ಅಲ್ಲ. ಅವನ ವಿಧವೆ ಎಲಿಜಾ 1806ರಲ್ಲಿ ನ್ಯೂಯಾರ್ಕಿನ ಅನಾಥಾಲಯ ಸಂಘವನ್ನು ಕಟ್ಟಿದವರಲ್ಲಿ ಒಬ್ಬಳು.

ಮನೆಲೆಕ್ಕ
ಅರ್ಥದ ಈ ಗೊಂದಲ ಪೆನ್ಸಿಲ್ವೇನಿಯಾದಲ್ಲಿ ಸುಪ್ರೀಂ ಕೋರ್ಟಿನವರೆಗೂ ಹೋಗಿತ್ತು. 1831ರಲ್ಲಿ ಸತ್ತ ಫಿಲಡೆಲ್ಫಿಯಾದ ಶ್ರೀಮಂತ ಸ್ಟೀಫನ್ ಜಿರಾರ್ಡ್ ಬಡ ಬಿಳಿಯ ಅನಾಥ ಗಂಡುಮಕ್ಕಳ ಶಾಲೆಗೆ ಹಣ ಬಿಟ್ಟಿದ್ದ. ತಾಯಿ ಇರುವ ಹುಡುಗ ಅನಾಥನೇ ಎಂಬ ಪ್ರಶ್ನೆ ಬಂದಾಗ ತಂದೆಯಿಲ್ಲದಿದ್ದರೆ ಸಾಕು, ಅವನು ಅನಾಥ ಎಂದು ಆ ರಾಜ್ಯದ ನ್ಯಾಯಾಲಯ ತೀರ್ಮಾನಿಸಿತು. ಇಲ್ಲಿ ಹಳೆಯ ಅರ್ಥದಿಂದ ವಿಧವೆಯರಿಗೆ ಉಪಕಾರವೇ ಆಯಿತು, ಬಯಲುಸೀಮೆಯವರು ಗಮನಿಸಬೇಕು.

ಬಯಲುಸೀಮೆ
ಗಮನಿಸಿದೆ. ‘ಬಿಳಿಯ’ ಮತ್ತು ‘ಗಂಡು’ ಎಂಬ ಪದಗಳನ್ನೂ ಗಮನಿಸಿದೆ.

ಕರಿಕೋಟು
ನಮ್ಮ ನೆಲಕ್ಕೂ ಇದಕ್ಕೂ ನೇರ ನಂಟಿದೆ, ಏಕೆಂದರೆ ನಮ್ಮ 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯಿದೆಯೂ ಅದೇ ಇಂಗ್ಲಿಷ್ ಬೇರಿನ ಕವಲು. ಹಲವು ವರ್ಷಗಳ ಹಿಂದೆ ಒಬ್ಬ ತಾಯಿ ನನ್ನ ಕಚೇರಿಗೆ ಬಂದು, ಮಗಳ ಹೆಸರಿನಲ್ಲಿದ್ದ ಎರಡು ಎಕರೆಯನ್ನು ಅವಳ ಚಿಕಿತ್ಸೆಗಾಗಿಯೇ ಮಾರಲು ಕೋರ್ಟಿನ ಅನುಮತಿ ಬೇಕೆಂದಾಗ, “ಹಡದಾಕಿ ನಾನೋ, ಜಡ್ಜ್ ಸಾಹೇಬ್ರೋ?” ಎಂದು ಕೇಳಿದ್ದಳು. ಅರ್ಜಿ ಬರೆಯುತ್ತಿದ್ದ ನನ್ನ ಬಳಿ ಆಗ ಉತ್ತರವಿರಲಿಲ್ಲ. ಈಗ ಕೇಳಿದ್ದರೆ, ಅದು ನಿನ್ನ ಮೇಲಿನ ಅನುಮಾನವಲ್ಲವ್ವ, ನಿನ್ನ ಸುತ್ತ ಇರುವವರ ಮೇಲಿನದು ಎನ್ನುತ್ತಿದ್ದೆ.

ಕಡಲಾಚೆ
ನ್ಯಾಯಾಲಯವೇ ತೋಳನಾದರೆ? ಹಳೆಕಡತ ಅವರು ಹೇಳಿದ ಲಂಡನ್ನಿನ ಆಲ್ಡರ್‌ಮನ್‌ಗಳು ಅನಾಥರ ಹಣವನ್ನು ನಗರದ ಖರ್ಚಿಗೆ ಬಳಸಿಕೊಂಡು 1683ರಲ್ಲಿ ಕೈ ಎತ್ತಿಬಿಟ್ಟರು. 1694ರಲ್ಲಿ ಪಾರ್ಲಿಮೆಂಟು ಕಾನೂನು ಮಾಡಿ, ಕಲ್ಲಿದ್ದಲು ಮತ್ತು ವೈನ್ ಮೇಲೆ ಸುಂಕ ಹಾಕಿ ಆ ಸಾಲಕ್ಕೆ ದಾರಿ ಮಾಡಬೇಕಾಯಿತು.

ಹುಣಸೆಮರ
ಅಂದರೆ ಲಂಡನ್ನಿನ ಕುಡುಕರು ಅನಾಥರ ಸಾಲ ತೀರಿಸಿದರು.

ಕಾವೇರಿಕಡೆಯವ
ಎಲ್ಲರಿಗೂ ಮನಃಪೂರ್ವಕ ಧನ್ಯವಾದಗಳು. ನಿನ್ನೆ ಕೈಪಿಡಿಯ ಆ ಪುಟವನ್ನು ತಿದ್ದಿದೆ. ಹೆಸರನ್ನು ಅನುವಾದಿಸುವುದನ್ನು ಬಿಟ್ಟು ‘ಆರ್ಫನ್ಸ್ ಕೋರ್ಟ್’ ಎಂದೇ ಉಳಿಸಿದ್ದೇನೆ. ಕೆಳಗೆ ಹೀಗೆ ಬರೆದಿದ್ದೇನೆ: “ಹಿಂದೆ ತಂದೆ ಸತ್ತ ಮಕ್ಕಳ ಆಸ್ತಿಯನ್ನು ಕಾಯುವುದಕ್ಕಾಗಿ ಹುಟ್ಟಿದ ಈ ನ್ಯಾಯಾಲಯ ಈಗ ಎಲ್ಲ ವಯಸ್ಸಿನ ವಾರಸುದಾರರ ವ್ಯವಹಾರವನ್ನೂ ನೋಡುತ್ತದೆ, ನಿಮ್ಮ ಮಕ್ಕಳನ್ನು ಯಾರೂ ಅನಾಥಾಲಯಕ್ಕೆ ಕಳುಹಿಸುವುದಿಲ್ಲ.” ಆ ಹಿರಿಯರಿಗೆ ಫೋನಿನಲ್ಲಿ ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಎಲ್ಲ ಮಕ್ಕಳ ಆಸ್ತಿಯನ್ನೂ ಕಾಯುತ್ತಿದ್ದರೇನು?” ಎಂದು ಕೇಳಿದರು.

ಬಯಲುಸೀಮೆ
ಹಾಗಾದರೆ ‘ಮಕ್ಕಳ’ ಎಂಬ ಪದದ ಹಿಂದೆ ‘ಕೆಲವು’ ಎಂದು ಸೇರಿಸಿ.

ಕಾವೇರಿಕಡೆಯವ
ಸೇರಿಸಿದ್ದೇನೆ.